ಕಾಫಿ ಪಾತ್ರೆಯಲ್ಲಿ ಬೆಂದ ಸೆನ್ಸರ್

ಮೊರಾವಿತ್ಸಾ ಹೊಳೆಯ ಎರಡೂ ದಂಡೆಯ ಊರುಗಳಲ್ಲಿ ಹಳೆಯ ಎಕ್ಸ್‌ಕವೇಟರ್ ಕೊಂಡವರು ಮೊದಲು ಪಾದ್ರಿಯನ್ನು ಕರೆಸಿ ಅದರ ಮೇಲೆ ತೀರ್ಥ ಹಾಕಿಸುತ್ತಾರೆ, ಆಮೇಲೆ ವೆಲಿಸಾವ್‌ನನ್ನು ಕರೆಸುತ್ತಾರೆ. ಬುದ್ಧಿ ನೆಟ್ಟಗಿದ್ದವರು ಕೊಳ್ಳುವ ಮೊದಲೇ ವೆಲಿಸಾವ್‌ನನ್ನು ಕರೆಸಬೇಕು. ಅಂಥವರು ಈ ಕಣಿವೆಯಲ್ಲಿ ಇನ್ನೂ ಹುಟ್ಟಬೇಕಷ್ಟೆ.

ಇಟಲಿಯಲ್ಲೋ ಜರ್ಮನಿಯಲ್ಲೋ ವರ್ಷಗಟ್ಟಲೆ ಮಣ್ಣು ಹೊತ್ತು ಸುಸ್ತಾದ ಯಂತ್ರ, ದಲ್ಲಾಳಿಯ ಅಂಗಳದಲ್ಲಿ ಮೈತುಂಬ ಹೊಸ ಬಣ್ಣ ಬಳಿಸಿಕೊಂಡು, ಮದುಮಗಳ ಹಾಗೆ ಲಾರಿಯ ಮೇಲೆ ಕೂತು ಇಲ್ಲಿಗೆ ಬರುತ್ತದೆ. ಸ್ವಲ್ಪ ದಿನ ಚೆನ್ನಾಗಿಯೇ ಅಗೆಯುತ್ತದೆ. ಆಮೇಲೊಂದು ದಿನ ಚಾಲಕನ ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತುತ್ತದೆ, ಎಂಜಿನ್ ಶಕ್ತಿ ಕಳೆದುಕೊಂಡು ಗೊಣಗುಟ್ಟುತ್ತದೆ, ಕೊಂಡವನು ಎದೆ ಹಿಡಿದುಕೊಂಡು ಫೋನ್ ಮಾಡುತ್ತಾನೆ.

"ಮೇಸ್ತ್ರಿ, ದೀಪ ಬಂತು."

"ಬರ್ಲಿ ಬಿಡು. ಕತ್ತಲಲ್ಲಿ ಕೂರೋದಕ್ಕಿಂತ ವಾಸಿ," ಎಂದು ಹೇಳಿ ವೆಲಿಸಾವ್ ತನ್ನ ಹಳೆಯ ಕಾರು ಹತ್ತುತ್ತಾನೆ.

ಅವನಿಗೆ ಅರವತ್ತು ಹತ್ತಿರ ಬಂದಿದೆ. ಹರೆಯದಲ್ಲಿ ಸರ್ಕಾರದ ರಸ್ತೆ ಕಂಪನಿಯ ಜೊತೆ ಇರಾಕಿಗೆ ಹೋಗಿ ಮರಳಿನಲ್ಲಿ ಬುಲ್ಡೋಜರ್ ರಿಪೇರಿ ಮಾಡಿದವನು. ಆಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಯಾವ ಬೇರಿಂಗ್ ಅಳುತ್ತಿದೆ ಎಂದು ಹೇಳುತ್ತಿದ್ದ. ಈಗಿನ ಎಂಜಿನ್ ಕಥೆ ಬೇರೆ. ನೀರು ಎಷ್ಟು ಬಿಸಿ, ಎಣ್ಣೆಯ ಒತ್ತಡ ಎಷ್ಟು, ಒಳಗೆ ಬರುವ ಗಾಳಿ ಎಷ್ಟು ಎಂದು ಬೆರಳ ಗಾತ್ರದ ಸೆನ್ಸರುಗಳು ಹೊತ್ತುಹೊತ್ತಿಗೆ ಕಂಪ್ಯೂಟರಿಗೆ ಚಾಡಿ ಹೇಳುತ್ತಿರುತ್ತವೆ. ಕಂಪ್ಯೂಟರೋ, ಚಾಡಿಯನ್ನು ಕಣ್ಣುಮುಚ್ಚಿ ನಂಬುವ ಅತ್ತೆ. ಸೆನ್ಸರ್ ಸುಳ್ಳು ಹೇಳಿದರೂ ನಂಬಿ ಎಂಜಿನ್ನಿನ ಕತ್ತು ಹಿಸುಕುತ್ತದೆ. ಬಂದ ಚಾಡಿ ನಿಜವೋ ಸುಳ್ಳೋ ಎಂದು ಪತ್ತೆಹಚ್ಚುವುದು ವೆಲಿಸಾವ್‌ನ ಹೊಟ್ಟೆಪಾಡು.

ಅದಕ್ಕೆ ಅವನ ಬಳಿ ಒಂದು ಲ್ಯಾಪ್‌ಟಾಪ್ ಇದೆ, ವಿದ್ಯುತ್ ಅಳೆಯುವ ಒಂದು ಮೀಟರ್ ಇದೆ, ದೂರದಿಂದಲೇ ಕೆಂಪು ಚುಕ್ಕೆ ಬಿಟ್ಟು ಶಾಖ ಅಳೆಯುವ ಪಿಸ್ತೂಲು ಇದೆ. ಇವಕ್ಕಿಂತ ಮುಖ್ಯವಾಗಿ ಒಂದು ದುರ್ಗುಣ ಇದೆ. ಯಂತ್ರದ ಯಜಮಾನನ ಮಾತನ್ನು ಅವನು ಎಳ್ಳಷ್ಟೂ ನಂಬುವುದಿಲ್ಲ. "ಇದನ್ನ ಯಾರೂ ಮುಟ್ಟೇ ಇಲ್ಲ ಮೇಸ್ತ್ರಿ" ಎಂದು ಶಿಲುಬೆಯ ಮೇಲೆ ಆಣೆ ಇಡುವವನ ಯಂತ್ರದಲ್ಲಿ ಅವನು ಮೊದಲು ಹುಡುಕುವುದೇ ಟ್ರ್ಯಾಕ್ಟರಿನ ಸೆನ್ಸರನ್ನು. ಏಕೆಂದರೆ ಈ ಕಡೆಯ ಜನಕ್ಕೆ ಒಂದು ಚಾಳಿ. ಪ್ರತಿ ಮನೆಯ ಕೊಟ್ಟಿಗೆಯಲ್ಲೂ ಒಂದು ಹಳೆಯ ಟ್ರ್ಯಾಕ್ಟರ್, ಅದರ ಸೆನ್ಸರ್ ಯಾವ ಎಂಜಿನ್ನಿನ ತೂತಿಗೂ ಸರಿಯಾಗಿ ತಿರುಪಿಕೊಂಡು ಕೂರುತ್ತದೆ. ಕೂತಿತು ಎಂದರೆ ಕೆಲಸ ಮಾಡಿತು ಎಂದು ಇವರ ಲೆಕ್ಕ. ಅದು ಅಳೆಯುವ ರೀತಿಯೇ ಬೇರೆ, ಹೇಳುವ ಅಂಕೆಯೇ ಬೇರೆ ಎಂದರೆ, "ಕೂತಿದೆಯಲ್ಲ?" ಎಂದು ನಿಮ್ಮನ್ನೇ ಕೇಳುತ್ತಾರೆ. ಇಂಥವರನ್ನು ವೆಲಿಸಾವ್ ಅವರ ಹೆಂಡಿರ ಎದುರೇ ಬೈದು ನೀರಿಳಿಸುತ್ತಾನೆ, ಅವರು ಕಾಫಿ ಕೊಟ್ಟು ಬೈಸಿಕೊಳ್ಳುತ್ತಾರೆ.

ಇಂಥ ಮನುಷ್ಯ ಕಳೆದ ಶರತ್ಕಾಲದಲ್ಲಿ ಒಂದು ಸೆನ್ಸರನ್ನು ಅಳೆಯಲಾರದೆ ಹುಚ್ಚು ಹಿಡಿದವನಂತಾದ. ಆ ಯಂತ್ರ ಅವನ ಕೂಮ ದೆಸಿಮಿರ್‌ನದು, ಅದೇ ಕಾರಣ.

ಕೂಮ ಎಂದರೆ ಅಣ್ಣತಮ್ಮನಲ್ಲ, ಬೀಗನೂ ಅಲ್ಲ. ಮದುವೆಯಲ್ಲಿ ನಿಮ್ಮ ಪಕ್ಕದಲ್ಲಿ ಮೇಣದ ಬತ್ತಿ ಹಿಡಿದು ನಿಲ್ಲುವವನು, ನಿಮ್ಮ ಮಗುವನ್ನು ಎತ್ತಿ ಹೆಸರಿಡುವವನು. ಇದು ಒಬ್ಬರ ಜೊತೆಗಿನ ಸಂಬಂಧವಲ್ಲ, ಮನೆಗೂ ಮನೆಗೂ ಇರುವಂಥದ್ದು, ಎರಡೂ ಕಡೆಯವರು ಒಬ್ಬರನ್ನೊಬ್ಬರು ಕೂಮ ಎಂದೇ ಕರೆಯುತ್ತಾರೆ. ದೆಸಿಮಿರ್‌ನ ಅಜ್ಜ ವೆಲಿಸಾವ್‌ನ ಅಪ್ಪನಿಗೆ ಹೆಸರಿಟ್ಟವನು. ದೆಸಿಮಿರ್ ವೆಲಿಸಾವ್‌ನ ಮದುವೆಗೆ ನಿಂತವನು, ಅವನ ಮಗಳಿಗೆ ಹೆಸರಿಟ್ಟವನು. ಸ್ವಂತ ತಮ್ಮನ ಜೊತೆ ಬೇಲಿಯ ವಿಷಯಕ್ಕೆ ಕೋರ್ಟಿಗೆ ಹೋಗಬಹುದು, ಈ ಕಣಿವೆಯಲ್ಲಿ ಅರ್ಧ ಜನ ಹೋಗಿದ್ದಾರೆ ಕೂಡ. ಕೂಮನ ಮಾತನ್ನು ಅನುಮಾನಿಸಿದ ಮನೆಗೆ ಮಾತ್ರ ಹೆಸರು ಕೆಡುತ್ತದೆ. ಕೂಮ ಮುನಿದು ಹೋದರೆ ಮುಂದೆ ಆ ಮನೆಯ ಮಕ್ಕಳಿಗೆ ಯಾರು ಹೆಸರಿಡುತ್ತಾರೆ ಎಂದು ಮುದುಕಿಯರು ಗಲ್ಲದ ಮೇಲೆ ಕೈಯಿಡುತ್ತಾರೆ.

ದೆಸಿಮಿರ್ ಇಟಲಿಯಿಂದ ಬಂದ ಎಕ್ಸ್‌ಕವೇಟರ್ ಒಂದನ್ನು ಕೊಂಡಿದ್ದ, ಹೊಳೆಯ ಮೇಲಿನ ರಸ್ತೆ ಅಗಲ ಮಾಡಲು ಗುಡ್ಡ ಕಡಿಯುವ ಕೆಲಸ ಹಿಡಿದಿದ್ದ. ಬೆಳಗ್ಗೆ ಶುರುಮಾಡಿದರೆ ಸ್ವಲ್ಪ ಹೊತ್ತು ಸುಸೂತ್ರ. ಬಂಡೆಗೆ ಬಕೆಟ್ ಹಾಕಿ ಎಳೆಯುವ ಹೊತ್ತಿಗೆ ಕೆಂಪು ದೀಪ. ನೀರು ಅತಿ ಬಿಸಿಯಾಗಿದೆ ಎಂದು ಕಂಪ್ಯೂಟರಿನ ದೂರು.

ವೆಲಿಸಾವ್ ಹೋಗಿ ಲ್ಯಾಪ್‌ಟಾಪ್ ಜೋಡಿಸಿದ. ನೀರಿನ ಶಾಖ ನೂರಾ ಆರು ಎಂದು ತೋರಿಸಿತು. ತನ್ನ ಅಭ್ಯಾಸದಂತೆ ಎಂಜಿನ್ನಿನ ತಲೆಯ ಮೇಲೆ ಒಂದು ಕಡೆ ಧೂಳು, ಎಣ್ಣೆ ಎಲ್ಲ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಅಲ್ಲಿಗೆ ಪಿಸ್ತೂಲು ಹಿಡಿದ. ಎಪ್ಪತ್ತೈದು. ಇನ್ನೊಂದು ಕಡೆ ಒರೆಸಿ ಹಿಡಿದ. ಅಲ್ಲೂ ಹೆಚ್ಚುಕಡಿಮೆ ಅಷ್ಟೇ.

"ಎಂಜಿನ್ ತಣ್ಣಗಿದೆ ಕೂಮ. ಬಿಸಿಯಾಗಿದೆ ಅಂತ ಯಾರೋ ಸುಳ್ಳು ಹೇಳ್ತಿದ್ದಾರೆ," ಎಂದ.

"ಸೆನ್ಸರ್ ಅಂತೂ ಅಲ್ಲ," ಎಂದ ದೆಸಿಮಿರ್. "ಅದನ್ನ ಹೋದ ವಾರ ನಾನೇ ಹಾಕಿದ್ದು. ಹೊಸದು, ಅಸಲಿ. ಚಾಚಕ್ ಪೇಟೆಗೆ ಹೋಗಿ ತಂದೆ."

"ನೀನೇ ಹಾಕಿದ್ಯಾ?"

"ನನ್ನ ಕೈಯಾರೆ."

ಅಲ್ಲಿಗೆ ಮುಗಿಯಿತು. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ವೆಲಿಸಾವ್ ಅದೇ ನಿಮಿಷ ಸ್ಪ್ಯಾನರ್ ಹಿಡಿದು ಸೆನ್ಸರ್ ಕಳಚುತ್ತಿದ್ದ. ಕೂಮ ಹೇಳಿದ ಮೇಲೆ ಆ ಸೆನ್ಸರ್ ಅವನ ಪಾಲಿಗೆ ಗುಡಿಯೊಳಗಿನ ವಿಗ್ರಹವಾಯಿತು. ಸುತ್ತ ಪ್ರದಕ್ಷಿಣೆ ಹಾಕಬಹುದು, ಮುಟ್ಟುವ ಹಾಗಿಲ್ಲ.

ಹಾಗಾಗಿ ಪ್ರದಕ್ಷಿಣೆ ಶುರುವಾಯಿತು. ವೈರುಗಳನ್ನು ಒಂದೊಂದಾಗಿ ಹಿಡಿದು ಎಳೆದು ನೋಡಿದ, ಎಲ್ಲೂ ತುಂಡಾಗಿರಲಿಲ್ಲ. ಇಲಿ ಕಡಿದಿದೆಯೇ ಎಂದು ಚಾಲಕನ ಸೀಟಿನ ಕೆಳಗೆ ತಲೆ ತೂರಿಸಿದ. ಇಲಿ ಇರಲಿಲ್ಲ, ಇಟಲಿಯ ಒಂದು ಹಳೆಯ ಸಾಕ್ಸ್ ಸಿಕ್ಕಿತು. ಬ್ಯಾಟರಿಯ ತಂತಿ ಬಿಚ್ಚಿ ತಿಕ್ಕಿ ತೊಳೆದು ಮತ್ತೆ ಕಟ್ಟಿದ. ನೀರಿನ ಪಂಪು ನೋಡಿದ, ಬೆಲ್ಟ್ ನೋಡಿದ. ಕೊನೆಗೆ ಕಂಪ್ಯೂಟರನ್ನೇ ಕಳಚಿ ಕ್ರಾಗುಯೆವಾತ್ಸ್ ನಗರದ ಒಬ್ಬ ಪರಿಚಯದವನಿಗೆ ಕಳಿಸಿದ. ಅದು ಹೋದ ಹಾಗೇ ವಾಪಸು ಬಂತು. "ಮೇಸ್ತ್ರಿ, ಇದಕ್ಕೇನೂ ಆಗಿಲ್ಲ. ನಿಮಗೇನಾದ್ರೂ ಆಗಿದೆಯಾ?" ಎಂದು ಅವನು ಫೋನಿನಲ್ಲಿ ಕೇಳಿದ.

ವೆಲಿಸಾವ್‌ಗೆ ತಲೆಬುಡ ತಿಳಿಯಲಿಲ್ಲ. ಕಂಪ್ಯೂಟರ್ ಸರಿ, ವೈರ್ ಸರಿ, ಎಂಜಿನ್ ತಣ್ಣಗೆ, ಸೆನ್ಸರ್ ಹೊಸದು, ಅಸಲಿ. ಆದರೂ ನೂರಾ ಆರು. ಎಲ್ಲರೂ ಸತ್ಯವಂತರು, ಸುಳ್ಳು ಮಾತ್ರ ನಡುವೆ ಕೂತು ಹಲ್ಲು ಕಿರಿಯುತ್ತಿತ್ತು. ಊಟಕ್ಕೆ ಕೂತರೆ ಉಪ್ಪು ಹಾಕಿದ್ದ ಸಾರಿಗೆ ಮತ್ತೆ ಉಪ್ಪು ಹಾಕಿಕೊಳ್ಳುತ್ತಿದ್ದ.

ಅವನ ಹೆಂಡತಿ ರುಮೆನಾ ಎರಡು ದಿನ ನೋಡಿದಳು, ಮೂರನೆಯ ದಿನ ಕೇಳಿದಳು. "ವೆಲೆ, ಆ ಸೆನ್ಸರ್ ನೋಡಿದ್ಯಾ?"

"ಅದನ್ನ ಕೂಮ ಹಾಕಿದ್ದು."

"ಕೂಮ ಹಾಕಿದ್ರೆ ಕೆಡಲ್ವಾ? ಅವನೇನು ಬಿಷಪ್ಪಾ?"

"ಅಸಲಿ ಅಂತ ಹೇಳಿದ್ದಾನೆ. ಮೀಟರ್ ಹಿಡಿದು ನೋಡೋದು ಅಂದ್ರೆ ಅವನ ಮುಖಕ್ಕೆ ನೀನು ಸುಳ್ಳುಗಾರ ಅಂತ ಹೇಳಿದ ಹಾಗೆ."

"ಹಾಗಾದ್ರೆ ಇನ್ನೂ ಉಪ್ಪು ಹಾಕ್ಕೋ," ಎಂದು ರುಮೆನಾ ಡಬ್ಬಿಯನ್ನು ಅವನ ಮುಂದೆ ತಳ್ಳಿದಳು.

ಇದು ಇಲ್ಲಿಗೇ ನಿಂತಿದ್ದರೆ ವೆಲಿಸಾವ್ ಇವತ್ತಿಗೂ ಪ್ರದಕ್ಷಿಣೆ ಹಾಕುತ್ತಿದ್ದನೋ ಏನೋ. ಆದರೆ ರಸ್ತೆ ಕೆಲಸದ ಮೇಲ್ವಿಚಾರಕ ಗ್ವೋಜ್ದೆನ್ ಎಂಬವನೊಬ್ಬ ಇದ್ದ. ಪರರ ತಲೆಗೆ ಹುಳ ಬಿಡುವುದರಲ್ಲಿ ಅವನಷ್ಟು ನುರಿತವರು ಕಣಿವೆಯಲ್ಲಿ ಇನ್ನೊಬ್ಬರಿಲ್ಲ. ಅವನು ಬಂದು ಯಂತ್ರ ಉರುಳುವ ಕಬ್ಬಿಣದ ಪಟ್ಟಿಯ ಮೇಲೆ ಕಾಲಿಟ್ಟು, ಸಿಗರೇಟು ಹಚ್ಚಿ, ಯಾರಿಗೋ ಹೇಳುವವನ ಹಾಗೆ ಹೇಳಿದ:

"ಚಾಚಕ್‌ನಲ್ಲಿ ಡಬ್ಬಿ ಅಸಲಿ ಸಿಗುತ್ತೆ, ಒಳಗಿರೋದು ಟ್ರ್ಯಾಕ್ಟರ್‌ದು. ನಮ್ಮ ಜನ ಮೋಸ ಹೋಗ್ತಾರೆ, ಆಮೇಲೆ ನಾಚಿಕೆಗೆ ಬಾಯಿ ಬಿಡಲ್ಲ. ನಾನು ಯಾರ ಹೆಸರೂ ಹೇಳ್ತಿಲ್ಲಪ್ಪ."

ಈ ಹುಳ ವೆಲಿಸಾವ್‌ನ ತಲೆಯೊಳಗೆ ಹೊಕ್ಕು ಕೊರೆಯತೊಡಗಿತು. ಕೂಮ ಸುಳ್ಳು ಹೇಳಿರಲಾರ. ಆದರೆ ಕೂಮ ಮೋಸ ಹೋಗಿರಬಹುದಲ್ಲ? ಮೋಸ ಹೋದವನ ಮಾತನ್ನು ಪರೀಕ್ಷಿಸಿದರೆ ಅದು ಅವಮಾನವೋ ಉಪಕಾರವೋ? ಹೋಗಿ ನೇರವಾಗಿ ಕೇಳಿದರೆ? ಕೇಳುವುದೂ ಅಳೆದ ಹಾಗೆಯೇ. ದೆಸಿಮಿರ್ ಕೂಡ ಈಚೆಗೆ ಯಾಕೋ ಮಾತು ಕಡಿಮೆ ಮಾಡಿದ್ದ, ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ಕಲ್ಲನ್ನು ಕಾಲಿನಿಂದ ಒದೆಯುತ್ತಿದ್ದ. ಕೆಲಸ ಕೈತಪ್ಪುವ ಚಿಂತೆಗೋ, ಒಳಗೇನೋ ಮುಚ್ಚಿಟ್ಟ ಅಳುಕಿಗೋ, ವೆಲಿಸಾವ್‌ಗೆ ಹೇಳಲಾಗಲಿಲ್ಲ. ಎಂಜಿನ್ನಿನ ಅಂಕೆ ಓದಬಲ್ಲವನಿಗೆ ನಲವತ್ತು ವರ್ಷ ನೋಡಿದ ಮುಖ ಓದಲಾಗಲಿಲ್ಲ.

ಮರುದಿನ ಮಧ್ಯಾಹ್ನ ದೆಸಿಮಿರ್ ಊಟ ತರಲು ಕೆಳಗಿನ ಊರಿಗೆ ಹೋದ. ಅವನ ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ವೆಲಿಸಾವ್ ಕಳ್ಳನ ಹಾಗೆ ಎಂಜಿನ್ನಿನ ಮುಚ್ಚಳ ಎತ್ತಿ ಸೆನ್ಸರ್ ಕಳಚಿದ. ನೋಡಲು ಅಸಲಿಯ ಹಾಗೇ ಇತ್ತು, ನೋಟದಲ್ಲಿ ಏನಿದೆ? ಸೆನ್ಸರ್ ಪರೀಕ್ಷಿಸುವ ರೀತಿ ಬಲು ಸರಳ. ಅದಕ್ಕೆ ಮೀಟರ್ ಜೋಡಿಸಿ, ನೀರಿನಲ್ಲಿ ಇಳಿಬಿಟ್ಟು ಕಾಯಿಸಬೇಕು. ನೀರು ಬಿಸಿಯಾದಷ್ಟೂ ಮೀಟರ್ ತೋರಿಸುವ ವಿದ್ಯುತ್ ತಡೆಯ ಅಂಕೆ ಇಳಿಯಬೇಕು, ಎಷ್ಟು ಶಾಖಕ್ಕೆ ಎಷ್ಟು ಎನ್ನುವುದು ಅವನಿಗೆ ಬಾಯಿಪಾಠ. ಕೆಲಸದ ಜಾಗದಲ್ಲಿ ಕಾಫಿಗೆಂದು ಒಂದು ಗ್ಯಾಸ್ ಒಲೆ ಇತ್ತು, ಉದ್ದ ಹಿಡಿಯ ಸ್ಟೀಲ್ ಕಾಫಿ ಪಾತ್ರೆ ಇತ್ತು. ಪ್ಲಮ್ ಹಣ್ಣಿನ ಸಾರಾಯಿ ಇಳಿಸುವ ಕಾಲವಾದ್ದರಿಂದ ಭಟ್ಟಿಗೆ ಇಡುವ ಗಾಜಿನ ಥರ್ಮಾಮೀಟರ್ ಅವನ ಕಾರಿನಲ್ಲೇ ಬಿದ್ದಿತ್ತು.

ನೀರು ಕಾಯಿತು. ವೆಲಿಸಾವ್ ಮಂಡಿಯೂರಿ ಕೂತು ಒಂದು ಕಣ್ಣನ್ನು ಥರ್ಮಾಮೀಟರಿನ ಮೇಲೆ, ಇನ್ನೊಂದನ್ನು ಮೀಟರಿನ ಮೇಲೆ ಇಟ್ಟ. ಅರವತ್ತಕ್ಕೆ ಸರಿಯಾಗಿತ್ತು. ಎಂಬತ್ತಕ್ಕೂ ಸರಿಯಾಗಿತ್ತು. ನೀರು ಕೊತಕೊತ ಕುದಿಯತೊಡಗಿದಾಗಲೂ ಕೂದಲೆಳೆಯ ವ್ಯತ್ಯಾಸವಿಲ್ಲ. ಸೆನ್ಸರ್ ಅಪ್ಪಟ ಅಸಲಿ, ಅಪ್ಪಟ ಸತ್ಯವಂತ. ಅವನು ಬೆವರು ಒರೆಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಧ್ವನಿ ಬಂತು.

"ಕಾಫಿ ಇಟ್ಯಾ? ದೇವರು ಒಳ್ಳೇದು ಮಾಡ್ಲಿ ನಿಂಗೆ."

ದೆಸಿಮಿರ್ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಸುಟ್ಟ ಕುರಿಮಾಂಸದ ಪೊಟ್ಟಣ ಹಿಡಿದು ಬಗ್ಗಿದ. ಊರಿನವರೆಗೂ ಹೋಗಿರಲಿಲ್ಲ, ದಾರಿಯ ಹೋಟೆಲಿನಲ್ಲೇ ಊಟ ಸಿಕ್ಕಿತ್ತು. ಪಾತ್ರೆಯೊಳಗೆ ನೋಡಿದ. ಕುದಿಯುವ ನೀರಿನಲ್ಲಿ ಅವನ ಸೆನ್ಸರ್ ಕುಣಿಯುತ್ತಿತ್ತು.

"ಬೆಂತಾ?" ಎಂದು ಕೇಳಿದ.

"ಸರಿಯಾಗಿದೆ ಕೂಮ. ಅಸಲಿ," ಎಂದ ವೆಲಿಸಾವ್.

"ಹೌದಾ? ಒಳ್ಳೇದಾಯ್ತು. ನನ್ನ ಮಾತಿಗೆ ನೀರಾದ್ರೂ ಸಾಕ್ಷಿ ಹೇಳ್ತಲ್ಲ."

"ಕೂಮ, ಅದು ಹಾಗಲ್ಲ. ಅಂಗಡಿಯವನು ನಿಂಗೆ ಮೋಸ ಮಾಡಿರಬಹುದು ಅಂತ..."

"ನನ್ನ ಎದುರಿಗೆ ಅಳೆದಿದ್ರೆ ನಾನೇ ಪಾತ್ರೆ ಹಿಡ್ಕೊಂಡು ಕೂರ್ತಿದ್ದೆ," ಎಂದ ದೆಸಿಮಿರ್. "ಬೆನ್ನ ಹಿಂದೆ ಅಳೆದೆಯಲ್ಲ."

ಧ್ವನಿ ಏರಿಸಲಿಲ್ಲ. ಊಟದ ಪೊಟ್ಟಣವನ್ನು ಯಂತ್ರದ ಪಟ್ಟಿಯ ಮೇಲೆ ಇಟ್ಟು ಕಾರು ಹತ್ತಿ ಹೋದ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಡಬಹುದು, ಇಟ್ಟುಹೋದ ಊಟಕ್ಕೆ ಏನು ಉತ್ತರ ಕೊಡುವುದು? ವೆಲಿಸಾವ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಎರಡು ಮನೆಗಳ ನಡುವೆ ಅಜ್ಜಂದಿರು ಕಟ್ಟಿದ್ದನ್ನು ಒಂದು ಕಾಫಿ ಪಾತ್ರೆಯಲ್ಲಿ ಬೇಯಿಸಿ ಹಾಕಿದೆನಲ್ಲ ಎಂದು ಅವನಿಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಗೊಂದಲ. ಸೆನ್ಸರ್ ನಿಜ ಹೇಳುತ್ತಿದೆ, ಕೂಮ ನಿಜ ಹೇಳಿದ್ದಾನೆ. ಹಾಗಾದರೆ ಇಲ್ಲಿ ಸುಳ್ಳುಗಾರ ಯಾರು?

ಏನೂ ತೋಚದೆ, ಕೈ ಸುಮ್ಮನಿರಲಾರದೆ, ಅವನು ಶಾಖದ ಪಿಸ್ತೂಲನ್ನು ಎತ್ತಿ ಕುದಿಯುವ ಕಾಫಿ ಪಾತ್ರೆಯ ಹೊರಮೈಗೆ ಹಿಡಿದ. ನಲವತ್ತೆರಡು ಎಂದಿತು.

ಅವನು ಪಿಸ್ತೂಲನ್ನು ಅಲ್ಲಾಡಿಸಿ ಮತ್ತೆ ಹಿಡಿದ. ನಲವತ್ತೊಂದು. ನೀರು ಗುಳುಗುಳು ಕುದಿಯುತ್ತಿದೆ, ಗಾಜಿನ ಥರ್ಮಾಮೀಟರ್ ನೂರರ ಹತ್ತಿರ ನಿಂತಿದೆ, ಇದು ನಲವತ್ತೊಂದು ಎನ್ನುತ್ತಿದೆ. ಆಗ ಅವನಿಗೆ ಹೊಳೆಯಿತು. ಹೊಳೆಯುವ ಲೋಹಕ್ಕೆ ಈ ಪಿಸ್ತೂಲು ಹಿಡಿಯಬಾರದು, ಹಿಡಿದರೆ ಇದ್ದ ಶಾಖಕ್ಕಿಂತ ಕಡಿಮೆ ತೋರಿಸುತ್ತದೆ, ಮೊದಲು ಕಪ್ಪು ಟೇಪು ಅಂಟಿಸಬೇಕು ಎಂದು ಕಣಿವೆಯ ಅರ್ಧ ಜನಕ್ಕೆ ಪಾಠ ಹೇಳಿದವನು ಅವನೇ. ಓಡಿಹೋಗಿ ಎಂಜಿನ್ ನೋಡಿದ. ಧೂಳು ಕೂತು ಬೂದಿ ಬಣ್ಣಕ್ಕೆ ಕಾಣುತ್ತಿದ್ದ ಎಂಜಿನ್ನಿನಲ್ಲಿ ತಾನು ಉಜ್ಜಿ ಒರೆಸಿದ ಎರಡು ಜಾಗ ಮಾತ್ರ ಬೆಳ್ಳಿಯ ಹಾಗೆ ಥಳಥಳಿಸುತ್ತಿದ್ದವು. ಮಾರುವಾಗ ಚೆಂದ ಕಾಣಲೆಂದು ದಲ್ಲಾಳಿ ಎಂಜಿನ್ನಿಗೆಲ್ಲ ಬೆಳ್ಳಿ ಬಣ್ಣ ಹೊಡೆಸಿದ್ದ. ವೆಲಿಸಾವ್ ಅಚ್ಚುಕಟ್ಟಾಗಿ ಒರೆಸಿ ಅದೇ ಹೊಳಪಿನ ಮೇಲೆ ಅಳೆದಿದ್ದ.

ಕಪ್ಪು ಟೇಪು ಅಂಟಿಸಿದ, ಸೆನ್ಸರ್ ಹಾಕಿದ, ಯಂತ್ರ ಹತ್ತಿ ತಾನೇ ಬಂಡೆ ಎಳೆದ, ದೀಪ ಬಂದಾಗ ಇಳಿದು ಅಳೆದ. ನೂರಾ ಮೂರು. ಎಂಜಿನ್ ನಿಜವಾಗಿಯೂ ಬೇಯುತ್ತಿತ್ತು. ಇಷ್ಟು ದಿನ ಎಲ್ಲರೂ ನಿಜ ಹೇಳುತ್ತಿದ್ದರು, ಸುಳ್ಳು ಹೇಳುತ್ತಿದ್ದದ್ದು ಅವನ ಕೈಯಲ್ಲಿದ್ದ ಪಿಸ್ತೂಲು ಮಾತ್ರ.

ಇನ್ನು ಕಾರಣ ಹುಡುಕುವುದು ಹೆಚ್ಚು ಹೊತ್ತಿನ ಕೆಲಸವಾಗಲಿಲ್ಲ. ರೇಡಿಯೇಟರಿನ ಹಿಂದಿನ ಫ್ಯಾನನ್ನು ಬಣ್ಣ ಹೊಡೆಯಲು ಬಿಚ್ಚಿದ್ದ ಯಾವನೋ ಪುಣ್ಯಾತ್ಮ ಅದನ್ನು ಹಿಂದುಮುಂದಾಗಿ ಕೂರಿಸಿದ್ದ. ಫ್ಯಾನು ತಿರುಗುತ್ತಿತ್ತು, ಸದ್ದು ಮಾಡುತ್ತಿತ್ತು, ಗಾಳಿ ಮಾತ್ರ ಬೇಕಾದಷ್ಟು ಎಳೆಯುತ್ತಿರಲಿಲ್ಲ. ವೆಲಿಸಾವ್ ಅದನ್ನು ಕಳಚಿ ಸರಿಯಾಗಿ ತಿರುಗಿಸಿ ಹಾಕಿದ. ಮುಸ್ಸಂಜೆಯವರೆಗೆ ಯಂತ್ರ ಓಡಿಸಿದರೂ ದೀಪ ಬರಲಿಲ್ಲ. ಕೀಲಿಯನ್ನು ಗ್ವೋಜ್ದೆನ್‌ನ ಕೈಗೆ ಕೊಟ್ಟು, ಪೊಟ್ಟಣದ ಮಾಂಸವನ್ನು ಬಿಚ್ಚದೆಯೇ ಮನೆಗೆ ತಂದ.

ಅಂದಿನಿಂದ ದೆಸಿಮಿರ್‌ನ ಫೋನ್ ಇಲ್ಲ. ಎರಡು ದಿನ ಬಿಟ್ಟು ಗ್ವೋಜ್ದೆನ್ ಸುದ್ದಿ ಕೊಟ್ಟ. "ನಿನ್ನ ಕೂಮ ಗುಡ್ಡಾನೇ ನುಂಗ್ತಿದ್ದಾನೆ. ಯಂತ್ರ ಹೇಗಿದೆ ಅಂದ್ರೆ ಚೆನ್ನಾಗಿದೆ ಅಂತಾನೆ. ನಿನ್ನ ಹೆಸರು ಎತ್ತಿದ್ರೆ ಮಾತ್ರ ಬಂಡೆ ಕಡೆ ತಿರುಗ್ತಾನೆ. ಏನಾಯ್ತು ನಿಮ್ಮಿಬ್ಬರಿಗೆ? ನಾನು ಯಾರಿಗೂ ಹೇಳಲ್ಲ."

"ನೀನು ಹೇಳದೇ ಇದ್ದಿದ್ರೆ ಏನೂ ಆಗ್ತಿರಲಿಲ್ಲ," ಎಂದು ವೆಲಿಸಾವ್ ಫೋನ್ ಇಟ್ಟ.

ಅಷ್ಟರಲ್ಲಿ ಸಂತ ಲೂಕನ ದಿನ ಬಂತು. ವೆಲಿಸಾವ್‌ನ ಮನೆದೇವರು ಸಂತ ಲೂಕ. ಮನೆದೇವರ ಹಬ್ಬಕ್ಕೆ ಇಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಬರಬೇಕಾದವರು ತಾವೇ ಬರುತ್ತಾರೆ. ಕರೆದರೆ, ನೀನು ಹೊರಗಿನವನು, ಕರೆಯದೆ ಬರುವ ಹಕ್ಕು ನಿನಗಿಲ್ಲ ಎಂದು ಹೇಳಿದ ಹಾಗೆ. ಬರಬೇಕಾದವನು ಬರದಿದ್ದರೆ ಅಲ್ಲಿಗೆ ಮುಗಿಯಿತು, ಇನ್ನು ಆ ಮನೆಗೂ ಈ ಮನೆಗೂ ಬರೀ ನಮಸ್ಕಾರ. ಮೇಜಿನ ತಲೆಯಲ್ಲಿ ಕೂರಬೇಕಾದವನು ಕೂಮ.

ಬೆಳಗ್ಗೆ ಪಾದ್ರಿ ಬಂದು ಹಬ್ಬದ ಬ್ರೆಡ್ಡು ಮುರಿದು ಹೋದ. ಮಧ್ಯಾಹ್ನಕ್ಕೆ ಮನೆ ತುಂಬಿತು. ನೆರೆಯವರು ಬಂದರು, ಮಗಳು ಅಳಿಯನ ಜೊತೆ ಬಂದಳು, ಬೇಲಿಯ ವ್ಯಾಜ್ಯದ ತಮ್ಮ ಕೂಡ ಹೊಸ ಶರ್ಟು ಹಾಕಿಕೊಂಡು ಬಂದ. ಹಬ್ಬದ ದಿನ ಮನೆಯ ಯಜಮಾನ ಕೂರುವ ಹಾಗಿಲ್ಲ, ಬಂದವರಿಗೆಲ್ಲ ನಿಂತೇ ಬಡಿಸಬೇಕು. ವೆಲಿಸಾವ್ ನಿಂತಿದ್ದ. ಮೇಜಿನ ತಲೆಯ ಕುರ್ಚಿ ಖಾಲಿ ಇತ್ತು. ಯಾರೂ ಅದರಲ್ಲಿ ಕೂರಲಿಲ್ಲ, ಯಾರೂ ಯಾಕೆಂದು ಕೇಳಲಿಲ್ಲ. ಅವನು ಸಾರಾಯಿ ಕುಡಿಯದ ನೆರೆಮನೆಯ ಅಜ್ಜಿಯ ಲೋಟಕ್ಕೆ ಸಾರಾಯಿ ತುಂಬಿದ, ಮಗಳಿಗೆ ಎರಡು ಸಲ ಒಂದೇ ಪ್ರಶ್ನೆ ಕೇಳಿದ.

ಅಡುಗೆಮನೆಯಲ್ಲಿ ರುಮೆನಾ ಅವನ ತೋಳು ಹಿಡಿದಳು. "ಫೋನ್ ಮಾಡು ಅವನಿಗೆ."

"ಹುಚ್ಚಾ ನಿಂಗೆ? ಹಬ್ಬಕ್ಕೆ ಕೂಮನ್ನ ಕರೀತಾರಾ ಯಾರಾದ್ರೂ?"

"ಕರೆಯಬೇಡ. ಹೇಗಿದ್ದೀಯಾ ಅಂತ ಕೇಳು."

"ಈ ದಿನ ಹೇಗಿದ್ದೀಯಾ ಅಂತ ಕೇಳಿದ್ರೆ ಅದು ಕರೆದ ಹಾಗೇ."

"ಹಾಗಾದ್ರೆ ಆ ಕುರ್ಚೀನೇ ನೋಡ್ಕೊಂಡಿರು," ಎಂದು ಅವಳು ಮಾಂಸದ ತಟ್ಟೆಯನ್ನು ಅವನ ಕೈಗೆ ತುರುಕಿದಳು. ಅವಳ ಕಣ್ಣೂ ಕೆಂಪಾಗಿತ್ತು. ಹೇಳಿದ್ದು ಈರುಳ್ಳಿಯ ಘಾಟು ಎಂದು.

ವೆಲಿಸಾವ್ ತಡೆದುಕೊಂಡ, ಇನ್ನಷ್ಟು ತಡೆದುಕೊಂಡ. ಕೊನೆಗೆ ಕಟ್ಟಿಗೆಯ ರಾಶಿಯ ಹಿಂದೆ ಹೋಗಿ, ಅತ್ತಿತ್ತ ನೋಡಿ, ದೆಸಿಮಿರ್‌ನ ನಂಬರು ಒತ್ತಿಯೇಬಿಟ್ಟ. ಏನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಬಾ ಎಂದರೆ ಹೊರಗಿನವನನ್ನಾಗಿ ಮಾಡಿದ ಹಾಗೆ, ಬಾ ಎನ್ನದಿದ್ದರೆ ಫೋನ್ ಮಾಡಿದ್ದು ಯಾಕೆ? ತಪ್ಪಾಯಿತು ಎನ್ನಬಹುದು. ಆದರೆ ಅಂಥ ಮಾತನ್ನು ಕಟ್ಟಿಗೆಯ ಹಿಂದೆ ನಿಂತು ಫೋನಿನಲ್ಲಿ ಹೇಳುತ್ತಾರೆಯೇ? ಆ ಕಡೆ ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು, ತಾನಾಗಿಯೇ ನಿಂತಿತು. ಯಾರೂ ಎತ್ತಲಿಲ್ಲ.

ಇನ್ನೊಮ್ಮೆ ಮಾಡುವ ಧೈರ್ಯ ಅವನಿಗೆ ಬರಲಿಲ್ಲ. ಎತ್ತಲಿಲ್ಲ ಎಂದರೆ ಅದೇ ಉತ್ತರ ಎಂದುಕೊಂಡ. ಒಳಗೆ ಹೋಗಿ ಬಡಿಸುತ್ತ ನಿಂತ. ಅಳಿಯ ಏನೋ ತಮಾಷೆ ಹೇಳಿದಾಗ ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾನೊಬ್ಬನೇ ನಕ್ಕ.

ಹೊತ್ತು ಮುಳುಗುವ ಹೊತ್ತಿಗೆ ಬಂದವರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ರುಮೆನಾ ಮೇಜು ಒರೆಸಲು ಬಟ್ಟೆ ತಂದಳು. ಆಗ ಗೇಟಿನ ಸದ್ದಾಯಿತು. ದೆಸಿಮಿರ್ ಕೋಟು ಹಾಕಿ, ತಲೆ ಬಾಚಿ, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಒಳಗೆ ಬಂದ.

"ಹಬ್ಬ ಒಳ್ಳೇದಾಗಲಿ, ಯಜಮಾನ," ಎಂದ.

ಕೂಮ ಎನ್ನಲಿಲ್ಲ. ಈ ದಿನ ಬಂದವರೆಲ್ಲ ಹೇಳುವ ಮಾತು ಅದೇ. ಸಿಟ್ಟು ಹೋಗಿದೆಯೋ ಇಲ್ಲವೋ, ನಾಲ್ಕು ಜನರ ಬಾಯಿಗೆ ಹೆದರಿ ಬಂದನೋ, ಕೊನೆಯ ಸಲವೆಂದು ಬಂದನೋ, ವೆಲಿಸಾವ್‌ಗೆ ಒಂದೂ ತಿಳಿಯಲಿಲ್ಲ. ದೆಸಿಮಿರ್ ಉರಿಯುವ ಮೇಣದ ಬತ್ತಿಯ ಮುಂದೆ ಶಿಲುಬೆ ಮಾಡಿಕೊಂಡು, ಪ್ರಸಾದವಾಗಿ ಬೇಯಿಸಿದ ಗೋಧಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು, ನೇರವಾಗಿ ಹೋಗಿ ಮೇಜಿನ ತಲೆಯ ಕುರ್ಚಿಯಲ್ಲಿ ಕೂತ. ವೆಲಿಸಾವ್ ಸಾರಿನ ಪಾತ್ರೆ ಹಿಡಿದು ಪಕ್ಕಕ್ಕೆ ಬಂದ.

"ಕೂಮ, ತಪ್ಪಾಯ್ತು. ಪಿಸ್ತೂಲು..."

"ಸಾರು ಹಾಕು."

ವೆಲಿಸಾವ್ ಸಾರು ಹಾಕಿದ. ದೆಸಿಮಿರ್ ಎರಡು ಚಮಚ ಕುಡಿದು, ತಲೆ ಎತ್ತದೆ ಹೇಳಿದ:

"ಮಧ್ಯಾಹ್ನ ನಿನ್ನ ಫೋನ್ ಬಂತು."

ಮೇಜಿನ ಸುತ್ತ ಇದ್ದವರ ಚಮಚಗಳು ನಿಂತವು. ಹಬ್ಬಕ್ಕೆ ಕೂಮನನ್ನು ಕರೆದ ಎಂಬ ಮಾತು ಇನ್ನು ಊರಿಗೆಲ್ಲ ಗೊತ್ತಾಯಿತು.

"ಬಂತು," ಎಂದು ವೆಲಿಸಾವ್ ಒಪ್ಪಿಕೊಂಡ. ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ.

"ಕೋಟು ಹಾಕ್ಕೋತಿದ್ದೆ. ನಿನ್ನ ಹೆಸರು ನೋಡಿದೆ. ಎತ್ತಲಿಲ್ಲ."

"ನೋಡಿ ಎತ್ತಲಿಲ್ವಾ?"

"ಹೆಂಗೆ ಎತ್ತಲಿ? ಎತ್ತಿದ್ರೆ ನೀನು ಕರೆದ ಹಾಗಾಗ್ತಿತ್ತು. ಕರೆಸ್ಕೊಂಡು ಬರೋಕೆ ನಾನೇನು ಹೊರಗಿನವನಾ?" ಎಂದ ದೆಸಿಮಿರ್. "ಆ ಹಾಳು ಫೋನ್‌ಗೆ ಬಂದ ಹಾಗೆ ಆಗಬಾರದು ಅಂತ್ಲೇ ಹೊತ್ತು ಮುಳುಗೋವರೆಗೂ ಮನೇಲಿ ಕೂತೆ. ಹಸಿವಾಗಿ ಸತ್ತೆ. ಇನ್ನೊಂದ್ಸಲ ಹಾಗೆ ಮಾಡಬೇಡ ಕೂಮ."

ವೆಲಿಸಾವ್‌ಗೆ ಕಣ್ಣು ಮಂಜಾಗಿ ಬಟ್ಟಲು ಸರಿಯಾಗಿ ಕಾಣುತ್ತಿರಲಿಲ್ಲ. ತುಂಬಿದ ಬಟ್ಟಲಿಗೇ ಇನ್ನೊಂದು ಸೌಟು ಸಾರು ಹಾಕಿದ. ಅದು ಅಂಚು ಮೀರಿ ಮೇಜಿನ ಮೇಲೆ ಹರಿಯಿತು, ದೆಸಿಮಿರ್ ಬ್ರೆಡ್ಡಿನ ತುಂಡಿನಿಂದ ಅದನ್ನು ಒರೆಸಿಕೊಂಡು ತಿಂದ.